ಹಳೇ ವಿಸಿಆರ್‌ನ ಹೊಸ ಟಿವಿಗೆ ಜೋಡಿಸೋದು ಹೇಗೆ? ಗೊತ್ತಿದ್ದವರು ತಿಳಿಸಿ

ಪ್ರಶ್ನೆ, ಹಾಸನದಿಂದ: ಅಪ್ಪ-ಅಮ್ಮನ ಮದುವೆ ಕ್ಯಾಸೆಟ್ ನೋಡಬೇಕು. ವಿಸಿಆರ್ ಹಿಂದೆ ಹಳದಿ, ಬಿಳಿ ಸಾಕೆಟ್ ಮತ್ತು ಆಂಟೆನಾ ಪಿನ್ ಇವೆ. ಟಿವಿಯಲ್ಲಿ ಎರಡು ಎಚ್‌ಡಿಎಂಐ, ಇಯರ್‌ಫೋನ್ ತೂತಿನ ಥರದ ಒಂದು ‘ಎವಿ ಇನ್’. ಆಂಟೆನಾ ವೈರ್ ಹಾಕಿ ಚಾನೆಲ್ ಹುಡುಕಿದರೆ ಏನೂ ಸಿಗುತ್ತಿಲ್ಲ. ಅಂಗಡಿಯಲ್ಲಿ ಏನು ಕೇಳಿ ತರಲಿ?

ಉತ್ತರ, ಹಾಸನದಿಂದಲೇ: ಆಂಟೆನಾ ದಾರಿ ಬಿಟ್ಟುಬಿಡಿ ಸಾರ್. ವಿಸಿಆರ್ ಅಲ್ಲಿ ಕೊಡೋದು ಅನಲಾಗ್ ಸಿಗ್ನಲ್. ಟಿವಿಯಲ್ಲಿ ಡಿಜಿಟಲ್ ಟ್ಯೂನರ್ ಮಾತ್ರ ಇದ್ದರೆ ಎಷ್ಟು ಹುಡುಕಿದರೂ ಸಿಗಲ್ಲ. ನಿಮಗೆ ಬೇಕಿರೋದು 3.5 ಎಂಎಂ ಎವಿ ಕೇಬಲ್, ಅಂದರೆ ಒಂದು ಕಡೆ ಇಯರ್‌ಫೋನ್ ಥರದ ಪಿನ್, ಇನ್ನೊಂದು ಕಡೆ ಹಳದಿ, ಬಿಳಿ, ಕೆಂಪು ಪಿನ್ ಇರೋದು. ಇಯರ್‌ಫೋನ್ ಥರದ ಪಿನ್ ಮೇಲೆ ಮೂರು ಕಪ್ಪು ಗೆರೆ ಇರಬೇಕು. ಎರಡೇ ಗೆರೆ ಇದ್ದರೆ ಅದು ಬರೀ ಆಡಿಯೋ ಕೇಬಲ್. ವಿಸಿಆರ್‌ನ ‘ಔಟ್’ ಸಾಕೆಟ್‌ಗೇ ಹಾಕಿ, ‘ಇನ್’ಗಲ್ಲ. ಈ ಕೇಬಲ್‌ಗಳ ಒಳಗಿನ ಜೋಡಣೆ ಎಲ್ಲಾ ಕಂಪನಿಗೂ ಒಂದೇ ಇರಲ್ಲ. ಚಿತ್ರ ಬರದೆ ಗುಂಯ್ ಅಂತ ಸದ್ದು ಬಂದರೆ, ವಿಸಿಆರ್‌ನ ಹಳದಿ ಸಾಕೆಟ್‌ಗೆ ಕೆಂಪು ಪಿನ್, ಆಮೇಲೆ ಬಿಳಿ ಪಿನ್ ಹಾಕಿ ನೋಡಿ, ಏನೂ ಸುಡಲ್ಲ. ಆಗಲೂ ಬರದಿದ್ದರೆ ಟಿವಿ ಕಂಪನಿಯದೇ ಕೇಬಲ್ ತರಿಸಿ.

ಚಿಕ್ಕಮಗಳೂರಿನಿಂದ: ಎವಿ ಇನ್ ಇಲ್ಲದ ಟಿವಿಗೆ ‘ಎವಿ ಟು ಎಚ್‌ಡಿಎಂಐ’ ಕನ್ವರ್ಟರ್ ಬೇಕು. ‘ಎಚ್‌ಡಿಎಂಐ ಟು ಎವಿ’ ಅನ್ನೋದೂ ನೋಡೋಕೆ ಹಾಗೇ ಇರುತ್ತೆ, ಅದು ಉಲ್ಟಾ ಕೆಲಸದ್ದು. ಡಬ್ಬಿ ಮೇಲಿನ ‘ಇನ್‌ಪುಟ್’ ಕಡೆ ಮೂರು ಬಣ್ಣದ ಸಾಕೆಟ್ ಇದೆಯಾ ಅಂತ ನೋಡಿ ಕೊಳ್ಳಿ. ಕರೆಂಟಿಗೆ 5 ವೋಲ್ಟ್, 1 ಆಂಪಿಯರ್‌ನ ಮೊಬೈಲ್ ಚಾರ್ಜರ್ ಸಾಕು. ಚಿತ್ರ ಅಡ್ಡಡ್ಡ ಎಳೆದ ಹಾಗೆ ಕಂಡರೆ ಟಿವಿಯಲ್ಲಿ 4:3 ಮಾಡಿ.

ಸಕಲೇಶಪುರದಿಂದ: ವೈರಿನ ಮಾತು ಆಮೇಲೆ, ಮೊದಲು ಕ್ಯಾಸೆಟ್ ನೋಡಿ, ದಯವಿಟ್ಟು! ನಮ್ಮ ಕಡೆ ಮಳೆಗಾಲದ ಥಂಡಿಗೆ ಟೇಪಿಗೂ ಬೂಷ್ಟು ಹಿಡಿಯುತ್ತೆ. ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಬಿಟ್ಟು, ಸುರುಳಿಯ ಅಂಚಲ್ಲಿ ಬಿಳಿ ಪುಡಿ ಅಥವಾ ನೂಲಿನಂಥ ಎಳೆ ಇದೆಯಾ ನೋಡಿ. ಇದ್ದರೆ ಹಾಕಲೇಬೇಡಿ. ವಿಸಿಆರ್ ಒಳಗೆ ಟೇಪ್ ಓದೋ ಹೆಡ್ಡಿಗೆ ಅಂಟಿ, ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಹತ್ತುತ್ತೆ. ಒದ್ದೆಯಾಗಿದ್ದ ಟೇಪ್ ಪದರಕ್ಕೆ ಪದರ ಅಂಟಿಕೊಂಡು ಹರಿದೂ ಹೋಗಬಹುದು. ಅಂಥದ್ದನ್ನ ಕ್ಯಾಸೆಟ್ ತೊಳೆದು ಡಿಜಿಟಲ್ ಮಾಡಿಕೊಡೋರ ಹತ್ತಿರವೇ ಕೊಡಿ.

ಬೂಷ್ಟಿಲ್ಲ ಅಂದರೂ ಮದುವೆ ಕ್ಯಾಸೆಟ್ಟನ್ನ ಮೊದಲು ಹಾಕಬೇಡಿ. ವರ್ಷಗಟ್ಟಲೆ ನಿಂತ ಮೆಷಿನ್ನಿನ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತೆ. ಟೇಪ್ ಸುತ್ತಿಕೊಳ್ಳೋ ಚಕ್ರ ತಿರುಗದಿದ್ದರೆ ಟೇಪೆಲ್ಲಾ ಒಳಗೆ ಸುರಿದು ನುಜ್ಜಾಗುತ್ತೆ. ಬೇಡದ ಯಾವುದಾದರೂ ಕ್ಯಾಸೆಟ್ ಹಾಕಿ ಪ್ಲೇ, ರಿವೈಂಡ್, ಎಜೆಕ್ಟ್ ಮೂರನ್ನೂ ಪರೀಕ್ಷೆ ಮಾಡಿ.

ಮೂಡಿಗೆರೆಯಿಂದ: ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಇನ್ನೊಂದು, ಓಡುವಾಗ ಕರೆಂಟ್ ಹೋದರೆ ಟೇಪ್ ಒಳಗಿನ ಡ್ರಮ್ಮಿಗೆ (ಹೆಡ್ ಕೂರಿಸಿರೋ, ತಿರುಗೋ ಉರುಳೆ) ಸುತ್ತಿಕೊಂಡೇ ನಿಂತಿರುತ್ತೆ. ಎಳೆಯಬೇಡಿ, ಕರೆಂಟ್ ಬಂದಮೇಲೆ ಸ್ಟಾಪ್, ನಂತರ ಎಜೆಕ್ಟ್ ಒತ್ತಿ. ಯುಪಿಎಸ್ ಲೈನಿಗೆ ಹಾಕಿಕೊಂಡರೆ ಇನ್ನೂ ವಾಸಿ.

ಪ್ರಶ್ನೆ ಕೇಳಿದ ಹಾಸನದವರು ಮತ್ತೆ: ಕೇಬಲ್ ತಂದೆ, ಚಿತ್ರ ಬಂತು. ಆದರೆ ಬಣ್ಣ ಇಲ್ಲ, ಮಧ್ಯೆ ಮಂಜು ಮಂಜು.

ಚಿಕ್ಕಮಗಳೂರಿನಿಂದ: ಟಿವಿಯ ಇನ್‌ಪುಟ್ ಪಟ್ಟಿಯಲ್ಲಿ ‘ಕಾಂಪೊನೆಂಟ್’ ಆಯ್ಕೆಯಾಗಿದ್ದರೆ ‘ಎವಿ’ಗೆ ಬದಲಿಸಿ, ಕಲರ್ ಸಿಸ್ಟಮ್ ‘ಪಾಲ್’ (PAL, ನಮ್ಮಲ್ಲಿನ ಹಳೇ ಟಿವಿ ಪದ್ಧತಿ) ಇಡಿ. ಮಂಜಿಗೆ ವಿಸಿಆರ್‌ನ ಟ್ರ್ಯಾಕಿಂಗ್ ಬಟನ್ ಒತ್ತಿ ನೋಡಿ. ಹೋಗದಿದ್ದರೆ ಹೆಡ್ ಕೊಳೆಯಾಗಿರಬಹುದು. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಬಿಳಿ ಹಾಳೆಯ ತುಂಡನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿ ಡ್ರಮ್ಮಿಗೆ ಮೆತ್ತಗೆ ಒತ್ತಿಹಿಡಿಯಿರಿ, ಇನ್ನೊಂದು ಕೈಯಲ್ಲಿ ಡ್ರಮ್ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತೆ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತೆ. ಅರ್ಧ ಗಂಟೆ ಒಣಗಲು ಬಿಟ್ಟು ಆಮೇಲೆ ಹಾಕಿ.