ಇಂಗ್ಲಿಷ್ ಪದದ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವುದನ್ನು ತಡೆಯಬೇಕೇ?

ಹಾವೇರಿ ಟೀಚರ್:
ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತನೆಯ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಕನ್ನಡ ಮಾಧ್ಯಮ. ಓದಲು ಎಬ್ಬಿಸಿದರೆ ಪುಸ್ತಕದ ಪ್ರತಿ ಸಾಲಿನ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅಕ್ಷರಗಳು: ‘ವಾಕೆಡ್’, ‘ಲಿಸ್ಟನ್’, ‘ಹೆಲ್ಪೆಡ್’. ಮಕ್ಕಳು ಓದುವುದು ಕೆಳಗಿನ ಇಂಗ್ಲಿಷನ್ನಲ್ಲ, ಮೇಲಿನ ಕನ್ನಡವನ್ನು. ತರಗತಿ ನೋಡಲು ಬಂದಿದ್ದ ಹಿರಿಯರೊಬ್ಬರು ಎಲ್ಲವನ್ನೂ ಅಳಿಸಿಹಾಕಿಸಿ ಎಂದು ಹೇಳಿ ಹೋದರು. ಅಳಿಸಿದರೆ ಅರ್ಧ ತರಗತಿ ಬಾಯಿ ತೆರೆಯುವುದಿಲ್ಲ. ವ್ಯಾಕರಣದ್ದೂ ಇದೇ ಪಾಡು. ಭೂತಕಾಲದ ನಿಯಮವನ್ನು ಗಡಗಡನೆ ಒಪ್ಪಿಸುವವರೇ ‘ಡಿಡ್ ಹಿ ವೆಂಟ್’ ಎಂದು ಬರೆಯುತ್ತಾರೆ. ಕಲಿಸಿ ಪಳಗಿದವರು ಏನು ಹೇಳುತ್ತೀರಿ?

ತುಮಕೂರಿನ ನಿವೃತ್ತ ಮೇಷ್ಟರು:
ಅಳಿಸಿಸಿ ತಾಯಿ, ಹಿಂದೆಮುಂದೆ ನೋಡಬೇಡಿ. ಮೇಲೆ ಕನ್ನಡ ಇರುವವರೆಗೂ ಕಣ್ಣು ಕೆಳಗಿನ ಸಾಲಿಗೆ ಇಳಿಯುವುದಿಲ್ಲ. ಅಣ್ಣನ ಹಳೆಯ ಪುಸ್ತಕದಲ್ಲಿದ್ದ ತಪ್ಪು ತಮ್ಮನಿಗೆ ಬರುತ್ತದೆ. ಒಬ್ಬ ‘ಲಿಸನ್’ ಬದಲು ‘ಲಿಸ್ಟನ್’ ಎಂದು ಬರೆದರೆ ವಾರದೊಳಗೆ ಇಡೀ ಬೆಂಚಿನಲ್ಲಿ ಅದೇ. ನೀವು ಗಟ್ಟಿಯಾಗಿ ಓದಿ. ಮೊದಲು ಎಲ್ಲರೂ ಒಟ್ಟಿಗೆ ಹೇಳಲಿ, ಆಮೇಲೆ ಸಾಲುಸಾಲಾಗಿ, ಆಮೇಲೆ ಒಬ್ಬೊಬ್ಬರಾಗಿ. ದಿನವೂ ಐದು ಪದ ಉಕ್ತಲೇಖನ. ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಶಿವಮೊಗ್ಗದ ಕನ್ನಡ ಪಂಡಿತ:
ಮೇಷ್ಟರೇ, ದೋಷ ಇರುವುದು ‘ವಾಕೆಡ್’ ಎಂದು ಬರೆದುಕೊಂಡದ್ದರಲ್ಲಿ, ಕನ್ನಡದಲ್ಲಿ ಬರೆದುಕೊಂಡದ್ದರಲ್ಲಲ್ಲ. ಕೇಳಿದ್ದನ್ನು ಕೇಳಿದಂತೆಯೇ ಬರೆಯುವ ಲಿಪಿ ಮಕ್ಕಳ ಕೈಯಲ್ಲಿದೆ. ಅವರು ಕೇಳದೆಯೇ ಬರೆಯುತ್ತಿದ್ದಾರೆ, ಅಷ್ಟೇ. ಅಕ್ಷರ ನೋಡಿ ಊಹಿಸುತ್ತಾರೆ. ಪುಸ್ತಕ ಮುಚ್ಚಿಸಿ, ಮೂರು ಸಲ ಕೇಳಿಸಿ, ಆಮೇಲೆ ಬರೆಸಿ. ‘ವಾಕ್ಟ್’ ಎಂದೇ ಬರೆಯುತ್ತಾರೆ.

ಏಕೆ ‘ವಾಕ್ಟ್’ ಎಂದು ಕೇಳಿದರೆ ಉತ್ತರವೂ ಅವರಲ್ಲಿದೆ. ಪ್ರೌಢಶಾಲೆಯ ಕನ್ನಡ ಪಾಠದಲ್ಲಿ ಜಶ್ತ್ವ ಸಂಧಿ ಇದೆ: ವಾಕ್ ಮತ್ತು ಈಶ ಸೇರಿ ವಾಗೀಶ. ಮುಂದಿನ ಧ್ವನಿಯ ಪ್ರಭಾವಕ್ಕೆ ಕ ಹೋಗಿ ಗ ಬರುತ್ತದೆ. ಇಂಗ್ಲಿಷಿನ ಭೂತಕಾಲದಲ್ಲಿ ಪ್ರಭಾವ ಹಿಂದಿನ ಧ್ವನಿಯದು. ಕ, ಪ, ಫ, ಸ, ಶ, ಚ ಇವುಗಳಲ್ಲಿ ಮುಗಿಯುವ ಕ್ರಿಯಾಪದದ ಮುಂದೆ ಡ ನಿಲ್ಲದೆ ಟ ಆಗುತ್ತದೆ: ವಾಕ್ಟ್, ಹೆಲ್ಪ್ಟ್, ಲಾಫ್ಟ್. ಕಾಲ್, ಓಪನ್, ಪ್ಲೇ ಇವುಗಳ ಮುಂದೆ ಡ ಹಾಗೆಯೇ ಉಳಿಯುತ್ತದೆ. ಟ, ಡ ಕೊನೆಗಿದ್ದರೆ ಮಾತ್ರ ನಡುವೆ ಇಕಾರ ಬರುತ್ತದೆ: ವಾಂಟಿಡ್, ನೀಡಿಡ್. ಗಂಟಲಿನ ಮೇಲೆ ಎರಡು ಬೆರಳು ಇಟ್ಟುಕೊಂಡು ‘ಸ್’ ಎನ್ನಲಿ, ‘ಮ್’ ಎನ್ನಲಿ. ‘ಸ್’ಗೆ ಗಂಟಲು ನಡುಗುವುದಿಲ್ಲ, ‘ಮ್’ಗೆ ನಡುಗುತ್ತದೆ, ಅದು ಬೆರಳಿಗೆ ತಿಳಿಯುತ್ತದೆ. ನಡುಗದ ಧ್ವನಿಯ ಮುಂದೆ ಟ, ನಡುಗುವುದರ ಮುಂದೆ ಡ. ಅಘೋಷ, ಘೋಷ ಎಂದು ನಾವು ಬೋರ್ಡಿನಲ್ಲಿ ಬರೆದು ಬಿಟ್ಟದ್ದು ಆಗ ಮಕ್ಕಳ ಮೈಗೆ ಹತ್ತುತ್ತದೆ. ಇಂಗ್ಲಿಷ್ ಟೀಚರ್ ಮತ್ತು ಕನ್ನಡ ಪಂಡಿತರು ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತು ಒಬ್ಬರ ಪುಸ್ತಕ ಒಬ್ಬರು ತೆರೆದು ನೋಡದಿರುವುದು ನನಗೆ ನಿಜಕ್ಕೂ ನೋವಿನ ವಿಷಯ.

ರಾಣೆಬೆನ್ನೂರಿನ ತಂದೆ:
ನಾನು ಶಿಕ್ಷಕನಲ್ಲ. ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ, ಮುಂದೆ ಪಿಯುಸಿ ವಿಜ್ಞಾನ ಓದುವ ಆಸೆ. ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲಿ. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಂದರೆ ಎಂಟನೆಯ ತರಗತಿಗೆ ಬರುವ ಮಗು ಏಳು ವರ್ಷ ಇಂಗ್ಲಿಷ್ ಓದಿರುತ್ತದೆ. ಇನ್ನೂ ಕನ್ನಡದಲ್ಲಿ ಬರೆದುಕೊಂಡೇ ಓದಬೇಕು ಎಂದರೆ ಆ ಏಳು ವರ್ಷ ಎಲ್ಲಿಗೆ ಹೋಯಿತು? ಸಂಧಿ ವಿವರಿಸುತ್ತ ಕುಳಿತರೆ ನನ್ನ ಮಗಳ ಕಿವಿಗೆ ಇಂಗ್ಲಿಷ್ ಬೀಳುವುದು ಯಾವಾಗ? ಬೇರೆ ಕಡೆಯಿಂದ ಬೀಳುವ ಅವಕಾಶ ನಮ್ಮ ಮನೆಯಲ್ಲಿ ಇಲ್ಲ.

ಬೀದರ್ ಜಿಲ್ಲೆಯ ಶಿಕ್ಷಕಿ:
ನನ್ನದೂ ಒಂದು ಪ್ರಶ್ನೆ ಇದೆ ಪಂಡಿತರೇ. ಕನ್ನಡ ಮಕ್ಕಳ ಸೊತ್ತು ಎನ್ನುತ್ತೀರಿ. ನನ್ನ ತರಗತಿಯಲ್ಲಿ ಮನೆಮಾತು ಉರ್ದು ಆಗಿರುವವರಿದ್ದಾರೆ, ಮರಾಠಿಯವರಿದ್ದಾರೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ. ಅವರಲ್ಲಿ ಹಲವರಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ. ಜಶ್ತ್ವ ಸಂಧಿಯ ಮೇಲೆ ಇಂಗ್ಲಿಷ್ ಕಟ್ಟಿದರೆ ಅವರಿಗೆ ಎರಡು ಕಷ್ಟ.

ಆದರೆ ಒಂದು ಮಾತು ಹೇಳಲೇಬೇಕು. ‘ಝೂ’, ‘ಝೀರೊ’ ಎಂದು ಕನ್ನಡದ ಮಕ್ಕಳು ಎಡವುವ ಕಡೆ ಉರ್ದು ಮನೆಯ ಮಕ್ಕಳು ‘ಜ಼’ವನ್ನು ಸಲೀಸಾಗಿ ನುಡಿಯುತ್ತಾರೆ. ಜ಼ಮೀನ್, ಜ಼ರೂರ್ ಅವರ ಮನೆಯ ಪದಗಳು. ಆ ಧ್ವನಿ ಬಂದಾಗ ನಾನು ಹೇಳಿಕೊಡುವುದಿಲ್ಲ, ಅವರನ್ನೇ ಮುಂದೆ ನಿಲ್ಲಿಸುತ್ತೇನೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಹುಡುಗಿ ಅಂದು ಇಡೀ ತರಗತಿಗೆ ಕಲಿಸುತ್ತಾಳೆ.

ಧ್ವನಿಶಾಸ್ತ್ರದ ವಿದ್ಯಾರ್ಥಿ:
ಬೀದರ್ ಮೇಡಂ ಹೇಳಿದ್ದು ತುಂಬ ಮುಖ್ಯ. ಮಗುವಿನ ಬಾಯಲ್ಲಿ ಈಗಾಗಲೇ ಇರುವ ಧ್ವನಿಯಿಂದ ಹೊರಡಬೇಕು, ಅದು ಯಾವ ಭಾಷೆಯದಾದರೂ ಸರಿ. ಹಾವೇರಿ ಕಡೆಯ ಮಕ್ಕಳು ಮನೆಯಲ್ಲಿ ‘ಬ್ಯಾಡ’ ಎನ್ನುತ್ತಾರಲ್ಲ, ಆ ಸ್ವರವನ್ನು ಗಿಡ್ಡ ಮಾಡಿದರೆ ‘ಪ್ಯಾನ್’ ಸಿದ್ಧ. ‘ಪೆನ್’ ಬೇರೆ, ‘ಪ್ಯಾನ್’ ಬೇರೆ ಎಂಬುದು ಅವರಿಗೆ ಸುಲಭವಾಗಿ ಕೇಳಿಸುತ್ತದೆ. ‘ಶಿಪ್’, ‘ಶೀಪ್’ ಕೂಡ ಅಷ್ಟೇ. ಹ್ರಸ್ವ ದೀರ್ಘ ಗೊತ್ತಿರುವ ಮಕ್ಕಳನ್ನು ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಡಿ.

ಕನ್ನಡ ಲಿಪಿಗೆ ಆಗದ ಕೆಲಸ ಎರಡಿವೆ, ಪಂಡಿತರು ಅದನ್ನು ಬಿಟ್ಟರು. ಪಶ್ಚಿಮ ದಿಕ್ಕಿನ ‘ವೆಸ್ಟ್’ ಮತ್ತು ಒಳಂಗಿಯ ‘ವೆಸ್ಟ್’ ನಮ್ಮ ಬರಹದಲ್ಲಿ ಒಂದೇ. ಮೊದಲನೆಯದಕ್ಕೆ ‘ಉ’ ಎನ್ನುವಂತೆ ತುಟಿ ದುಂಡಾಗಬೇಕು, ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಇನ್ನೊಂದು, ಪದದೊಳಗಿನ ಒತ್ತು, ಅಂದರೆ ಪದದ ಒಂದು ಭಾಗವನ್ನು ಉಳಿದದ್ದಕ್ಕಿಂತ ಬಲವಾಗಿ ನುಡಿಯುವುದು. ‘ರೆಕಾರ್ಡ್’ ನಾಮಪದವಾದರೆ ಮೊದಲ ಭಾಗಕ್ಕೆ ಒತ್ತು, ಕ್ರಿಯಾಪದವಾದರೆ ಎರಡನೆಯದಕ್ಕೆ. ಒತ್ತು ಬೀಳುವ ಭಾಗದ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆಸಿ. ಕೇಳುವವರಿಗೆ ಅರ್ಥವಾಗದಂತೆ ಮಾಡುವುದು ಬಹಳ ಸಲ ಒತ್ತಿನ ತಪ್ಪೇ. ಲಂಡನ್ನಿನವರ ಹಾಗೆ ಮಾತನಾಡುವುದು ಯಾವ ಮಗುವಿಗೂ ಬೇಕಾಗಿಲ್ಲ. ಪುಣೆಯವರಿಗೂ ಚೆನ್ನೈಯವರಿಗೂ ತಿಳಿದರೆ ಸಾಕು.

ತುಮಕೂರಿನ ನಿವೃತ್ತ ಮೇಷ್ಟರು:
ಎಲ್ಲವೂ ಚೆನ್ನಾಗಿದೆ. ಪಿರಿಯಡ್ ಇರುವುದು ನಲವತ್ತು ನಿಮಿಷ, ಮಕ್ಕಳು ಅರವತ್ತು. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಗೆ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಬಾಯಿ ತೆರೆಯಬೇಕಾದ ಪ್ರಶ್ನೆ ಒಂದೂ ಇಲ್ಲ. ಎರಡು ಸಿಲಬಲ್ (ಉಚ್ಚಾರದ ತುಂಡು) ಇರುವ ಪದ ಯಾವುದು ಎಂದು ಕೇಳುತ್ತಾರೆ. ಆ ಪದವನ್ನು ಜೀವಮಾನದಲ್ಲಿ ಒಮ್ಮೆಯೂ ನುಡಿಯದ ಮಗು ಸರಿಯುತ್ತರ ಬರೆದು ಅಂಕ ತೆಗೆದುಕೊಳ್ಳುತ್ತದೆ. ತುಟಿ ದುಂಡು ಮಾಡಿಸಲು ಸಮಯ ಎಲ್ಲಿಂದ ತರುವುದು?

ಹಾವೇರಿ ಟೀಚರ್:
ಸಮಯದ ಮಾತು ನಿಜ ಸರ್. ಆದರೂ ಆರಂಭದ ಐದು ನಿಮಿಷವನ್ನು ನಾನು ಕಿವಿಗೆ ಮೀಸಲಿಡಬಲ್ಲೆ. ಪಂಡಿತರೇ, ‘ಡಿಡ್ ಹಿ ವೆಂಟ್’ ಬಗ್ಗೆ ಹೇಳಲಿಲ್ಲ ನೀವು. ನನ್ನ ನಿದ್ದೆ ಕೆಡಿಸಿರುವುದು ಅದು.

ಶಿವಮೊಗ್ಗದ ಕನ್ನಡ ಪಂಡಿತ:
ನಿಮ್ಮ ವಾಕ್ಯವನ್ನೇ ನೋಡಿ. ‘ಹೇಳಲಿಲ್ಲ’ ಎಂದು ಬರೆದಿದ್ದೀರಿ. ‘ಹೇಳಿದಲಿಲ್ಲ’ ಎಂದು ಬರೆಯಲಿಲ್ಲ. ಹೋದನು, ಆದರೆ ಹೋಗಲಿಲ್ಲ. ಬಂದಳು, ಆದರೆ ಬರಲಿಲ್ಲ. ನಿಷೇಧ ಬಂದೊಡನೆ ಮುಖ್ಯ ಕ್ರಿಯಾಪದ ತನ್ನ ಭೂತಕಾಲದ ರೂಪ ಬಿಡುತ್ತದೆ, ಆಗಿಹೋದ ಕಾಲವನ್ನು ‘ಲಿಲ್ಲ’ ಹೊರುತ್ತದೆ. ‘ಹಿ ಡಿಡ್ ನಾಟ್ ಗೋ’ ಇದೇ ಏರ್ಪಾಡು: ಕಾಲವನ್ನು ‘ಡಿಡ್’ ಹೊತ್ತಿತು, ‘ಗೋ’ ಬರಿಗೈಯಲ್ಲಿ ನಿಂತಿತು. ಮೊದಲು ನಿಷೇಧ ವಾಕ್ಯ ಕಲಿಸಿ. ‘ಹೋದಲಿಲ್ಲ’ ಎಂದು ಬೋರ್ಡಿನಲ್ಲಿ ಬರೆದು ಸರಿಯೇ ಎಂದು ಕೇಳಿ. ತರಗತಿಯೇ ಎದ್ದು ತಿದ್ದುತ್ತದೆ. ಅದು ಕೂತ ಮೇಲೆ ಪ್ರಶ್ನೆಗೆ ಹೋಗಿ, ‘ಡಿಡ್ ಹಿ ಗೋ’ ಎಂದು ‘ಡಿಡ್’ ಮುಂದಕ್ಕೆ ಬಂತು ಅಷ್ಟೇ ಎನ್ನಿ. ಪಠ್ಯದ ಕ್ರಮದಲ್ಲಿ ಪ್ರಶ್ನೆ ಮೊದಲು ಬಂದರೂ ನೀವು ಹೀಗೇ ಮಾಡಿ.

‘ಹಿ ಕಮ್ಸ್’ ಎನ್ನುವಾಗ ಬರುವ ವರ್ತಮಾನದ ‘ಎಸ್’ ಕೂಡ ಹಾಗೆಯೇ. ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ ಎಂದು ತಪ್ಪಿಲ್ಲದೆ ಹೇಳುವ ನಾಲಗೆಗೆ ಆ ಒಂದು ‘ಎಸ್’ ದೊಡ್ಡ ಹೊರೆಯಲ್ಲ.

ರಾಣೆಬೆನ್ನೂರಿನ ತಂದೆ:
‘ಹೋದಲಿಲ್ಲ’ ಎಂದು ಮಗಳಿಗೆ ಈಗ ಕೇಳಿದೆ. ನಕ್ಕಳು, ತಿದ್ದಿದಳು, ಇಂಗ್ಲಿಷಿನದನ್ನೂ ತಾನೇ ಸರಿಪಡಿಸಿದಳು. ಇದನ್ನು ಒಪ್ಪುತ್ತೇನೆ. ಆದರೆ ವಿವರಣೆ ಎರಡು ನಿಮಿಷಕ್ಕೆ ಮುಗಿಯಬೇಕು. ಉಳಿದ ಹೊತ್ತು ಟೀಚರ್ ಇಂಗ್ಲಿಷಿನಲ್ಲೇ ಮಾತನಾಡಲಿ, ಪುಸ್ತಕ ತೆಗೆಯಿರಿ, ಕಿಟಕಿ ಹಾಕಿ ಎನ್ನುವುದನ್ನೂ ಇಂಗ್ಲಿಷಿನಲ್ಲೇ ಹೇಳಲಿ. ತರಗತಿ ಬಿಟ್ಟರೆ ಅವಳಿಗೆ ಅದು ಇನ್ನೆಲ್ಲೂ ಸಿಗುವುದಿಲ್ಲ.

ಬೀದರ್ ಜಿಲ್ಲೆಯ ಶಿಕ್ಷಕಿ:
ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ಲಂಬಾಣಿ ಮಗುವಿಗೂ ಕನ್ನಡದ ಮಗುವಿಗೂ ಕಿಟಕಿ ಒಂದೇ.

ತುಮಕೂರಿನ ನಿವೃತ್ತ ಮೇಷ್ಟರು:
ಹಾಗಿದ್ದರೆ ನನ್ನದೊಂದು ಷರತ್ತು. ಕೇಳಿ ಬರೆದುಕೊಂಡದ್ದು ಪುಸ್ತಕದಲ್ಲಿ ಬೇಡ, ಬೇರೆ ನೋಟ್‌ಬುಕ್‌ನಲ್ಲಿ ಇರಲಿ. ಪುಸ್ತಕದ ಸಾಲು ಸ್ವಚ್ಛವಾಗಿರಲಿ, ಓದುವಾಗ ಕಣ್ಣು ಅಲ್ಲೇ ನಿಲ್ಲಲಿ. ಒಂದು ಪಾಠ ಹೀಗೆ ಮಾಡಿ, ಮುಗಿದ ಮೇಲೆ ನೋಟ್‌ಬುಕ್ ಮುಚ್ಚಿಸಿ ಓದಿಸಿ. ಎಷ್ಟು ಮಂದಿ ಬಾಯಿ ತೆರೆದರು ಎಂದು ಇಲ್ಲಿ ಬರೆಯಿರಿ. ಉಕ್ತಲೇಖನವನ್ನು ಮಾತ್ರ ಬಿಡಬೇಡಿ.