ಸೆಕೆ, ಹೊಗೆ ಮತ್ತು ನಿದ್ದೆ: ರಾತ್ರಿ ಕಿಟಕಿ ತೆರೆದಿಡಬೇಕೇ, ಮುಚ್ಚಬೇಕೇ?

ಪ್ರಶ್ನೆ (ಕೂಳೂರು, ಮಂಗಳೂರು)

ನಮ್ಮ ಮನೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿದ್ದು, ಮಲಗುವ ಕೋಣೆ ನೇರವಾಗಿ ತಾರಸಿಯ ಕೆಳಗಿದೆ. ಎಪ್ರಿಲ್, ಮೇ ತಿಂಗಳಲ್ಲಿ ನಡುರಾತ್ರಿ ದಾಟಿದರೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ; ಕಿಟಕಿ ತೆರೆದರೆ ಲಾರಿಗಳ ಹೊಗೆ ಒಳಗೆ ಬರುತ್ತದೆ, ಮುಚ್ಚಿದರೆ ಉಸಿರು ಕಟ್ಟಿದಂತಾಗುತ್ತದೆ. ಅಷ್ಟೇನೂ ಸೆಕೆಯಿಲ್ಲದ ಡಿಸೆಂಬರ್, ಜನವರಿಯಲ್ಲೂ ತಾಯಿಯವರಿಗೆ ಬೆಳಗಿನ ಜಾವ ಮೂಗು ಕಟ್ಟಿ, ಗಂಟಲು ಕೆರೆದು ಎಚ್ಚರವಾಗುತ್ತದೆ. ಮೊದಲು ಎ.ಸಿ. ಹಾಕಿಸುವುದೋ, ಏರ್ ಪ್ಯೂರಿಫೈಯರ್ ಕೊಳ್ಳುವುದೋ ತಿಳಿಯುತ್ತಿಲ್ಲ.

ಉತ್ತರ 1 (ಸುರತ್ಕಲ್)

ಬೇಸಿಗೆಯ ಸೆಕೆ, ಚಳಿಗಾಲದ ಮೂಗುಕಟ್ಟು, ಇವೆರಡೂ ಬೇರೆ ಬೇರೆ ತೊಂದರೆಗಳು. ಬೇಸಿಗೆಯದನ್ನಷ್ಟೇ ಹೇಳುತ್ತೇನೆ. ನಿದ್ದೆ ಬರುವ ಹೊತ್ತಿಗೆ ದೇಹದ ಒಳಗಿನ ಉಷ್ಣತೆ ಸುಮಾರು 1 ಡಿಗ್ರಿ ಇಳಿಯಬೇಕು. ಆ ಶಾಖ ಕೈಕಾಲುಗಳ ಚರ್ಮದ ಮೂಲಕ, ಬೆವರು ಆರುವುದರ ಮೂಲಕ ಹೊರಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಬೆವರು ಆರದೆ ಹರಿಯುತ್ತದೆ, ಹಾಗಾಗಿ ಉಷ್ಣಮಾಪಕದಲ್ಲಿ ಹೆಚ್ಚೇನೂ ಕಾಣದ ರಾತ್ರಿಯೂ ಮಲಗಿದವರನ್ನು ಬೇಯಿಸುತ್ತದೆ. 68 ದೇಶಗಳ 47 ಸಾವಿರಕ್ಕೂ ಹೆಚ್ಚು ಜನರ ನಿದ್ದೆಯನ್ನು ಮಣಿಕಟ್ಟಿಗೆ ಕಟ್ಟುವ ಅಳತೆಯ ಪಟ್ಟಿಗಳಿಂದ ಅಳೆದು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, 30 ಡಿಗ್ರಿ ಮೀರಿದ ರಾತ್ರಿಗಳಲ್ಲಿ ನಿದ್ದೆ ಸರಾಸರಿ 14 ನಿಮಿಷ ಕಡಿಮೆಯಾಗುತ್ತದೆ. ರಾತ್ರಿ ಹತ್ತಕ್ಕೆ ಸ್ಟೂಲು ಹತ್ತಿ ಚಾವಣಿಯನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ, ಹಗಲು ಕಾದ ಕಾಂಕ್ರೀಟು ಆ ಶಾಖವನ್ನು ಇನ್ನೂ ಕೋಣೆಗೆ ಬಿಡುತ್ತಿದೆ ಎಂದರ್ಥ. ತಾರಸಿಗೆ ಬಿಳಿ ಲೇಪನ ಹಾಕಿಸುವುದು ಅಥವಾ ಮೇಲೆ ಶೀಟಿನ ಮಾಡು ಕಟ್ಟಿಸುವುದು ಎ.ಸಿ.ಗಿಂತ ಮೊದಲು ಮಾಡಬೇಕಾದ ಕೆಲಸ.

ಉತ್ತರ 2 (ಉಡುಪಿ)

ಚಳಿಗಾಲದ ತೊಂದರೆಗೆ ಹೆದ್ದಾರಿಯೊಂದೇ ಕಾರಣವಿರಲಾರದು. ಹಗಲು ಕಡಲಿನಿಂದ ಬೀಸುವ ಗಾಳಿ ಹೊಗೆಯನ್ನು ಚದುರಿಸುತ್ತದೆ. ರಾತ್ರಿ ಗಾಳಿ ತಿರುಗಿ ನೆಲದ ಕಡೆಯಿಂದ ಮೆಲ್ಲಗೆ ಕಡಲಿನತ್ತ ಸಾಗುತ್ತದೆ. ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ಬೇಗ ತಣಿದು, ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂತುಬಿಡುವುದರಿಂದ ಹೊಗೆ ಮೇಲೇರದೆ ಮನೆಗಳ ಮಟ್ಟದಲ್ಲೇ ನಿಲ್ಲುತ್ತದೆ. ಸಂಜೆ ತರಗೆಲೆ ರಾಶಿಗೆ ಬೆಂಕಿ ಕೊಡುವವರು, ತೋಟದಲ್ಲಿ ಗೊಬ್ಬರಕ್ಕೆಂದು ಮಣ್ಣು, ಕಸ ಸುಟ್ಟು ಸುಡುಮಣ್ಣು ಮಾಡುವವರು ನಮ್ಮಲ್ಲಿ ಕಡಿಮೆಯೇನಲ್ಲ, ಮತ್ತು ಆ ಬೆಂಕಿ ಬೆಳಗಿನವರೆಗೂ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ಆದ್ದರಿಂದ ಮಧ್ಯಾಹ್ನ ಕಡಲ ಗಾಳಿ ಇರುವಾಗ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಸಂಜೆ ಹೊಗೆಯ ವಾಸನೆ ಬರುವ ಮೊದಲೇ ರಸ್ತೆಯ ಬದಿಯವನ್ನು ಮುಚ್ಚಿ.

ಒಂದು ಮಾತು ಕೇಳಬೇಕಿತ್ತು: ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುತ್ತೀರಾ? ಒಂದು ಬತ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮವೆಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಮಂಚದ ಕೆಳಗೆ ಬತ್ತಿ ಇಟ್ಟು, ಹೊರಗಿನ ಲಾರಿಯನ್ನು ದೂರಿ ಫಲವಿಲ್ಲ. ಸೊಳ್ಳೆಪರದೆ ಕಟ್ಟಿ.

ಪ್ರಶ್ನೆ ಕೇಳಿದವರು

ಹೌದು, ತಾಯಿಯವರ ಕೋಣೆಯಲ್ಲಿ ದಿನವೂ ಬತ್ತಿ ಹಚ್ಚುತ್ತೇವೆ. ಅದನ್ನು ನಿಲ್ಲಿಸಿದ ಮೇಲೂ ಪ್ಯೂರಿಫೈಯರ್ ಬೇಕಾಗುತ್ತದೆಯೇ?

ಉತ್ತರ 3 (ಮಣಿಪಾಲ)

ಬತ್ತಿ ನಿಲ್ಲಿಸಿ ಕೆಲವು ವಾರ ನೋಡಿದ ಮೇಲೆ ನಿರ್ಧರಿಸಿ. ಹೆಪಾ ಫಿಲ್ಟರ್ (ಅತಿ ಸೂಕ್ಷ್ಮ ಕಣಗಳನ್ನು ತಡೆಯುವ ಜಾಲರಿ) ಇರುವ ಪ್ಯೂರಿಫೈಯರ್ ಧೂಳು ಮತ್ತು ಹೊಗೆಯ ಕಣಗಳನ್ನು ಹಿಡಿಯುತ್ತದೆ, ಆದರೆ ವಾಹನಗಳ ಅನಿಲವನ್ನು ಹಿಡಿಯುವುದಿಲ್ಲ, ಸೆಕೆಯನ್ನೂ ಇಳಿಸುವುದಿಲ್ಲ. ಎ.ಸಿ. ಹಾಕಿಸಿದರೆ 26 ಡಿಗ್ರಿಯಲ್ಲಿಟ್ಟು ಫ್ಯಾನು ತಿರುಗಿಸಿದರೆ ಸಾಕು. ಸಾಮಾನ್ಯ ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲವಾದ್ದರಿಂದ, ಒಳಮನೆಯ ಕಡೆಯ ಬಾಗಿಲನ್ನು ಸ್ವಲ್ಪ ತೆರೆದಿಡಿ. ಮಳೆಗಾಲದಲ್ಲಿ ಹಾಸಿಗೆ, ದಿಂಬುಗಳಲ್ಲಿ ಬೂಸ್ಟು ಮತ್ತು ಧೂಳುಹುಳ ಹೆಚ್ಚಿ ಇದೇ ರೀತಿ ಮೂಗು ಕಟ್ಟುವುದುಂಟು. ಬಿಸಿಲು ಬಿದ್ದ ದಿನ ಅವನ್ನು ಹೊರಗೆ ಹಾಕುವುದನ್ನು ಮರೆಯಬೇಡಿ.

ತಾಯಿಯವರು ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುತ್ತಾರೆಯೇ ಎಂಬುದನ್ನೂ ಗಮನಿಸಿ. ಅಮೆರಿಕದ ಆರು ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಳಿಯಲ್ಲಿ ಸೂಕ್ಷ್ಮ ಕಣ ಮತ್ತು ನೈಟ್ರೋಜನ್ ಡೈಆಕ್ಸೈಡ್ ಹೆಚ್ಚಿರುವ ಕಡೆ ವಾಸಿಸುವವರಲ್ಲಿ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ) ಹೆಚ್ಚಾಗಿ ಕಂಡುಬಂದಿತ್ತು. ಅಂಥ ಲಕ್ಷಣವಿದ್ದರೆ ಯಂತ್ರದ ಯೋಚನೆ ಬಿಟ್ಟು ಮೊದಲು ಶ್ವಾಸಕೋಶ ತಜ್ಞರಿಗೆ ತೋರಿಸಿ, ಅವರು ಹೇಳಿದರೆ ರಾತ್ರಿಯ ನಿದ್ರಾ ಪರೀಕ್ಷೆ ಮಾಡಿಸಿ.