ಮಾಣಿಯ ಕಂಪ್ಯೂಟರ್ ವಿಷಯ, ಪೂರ್ತಿ ಕೇಳಿ ಮಾರಾಯ್ರೆ

ಅಕ್ಕ, ಟೈಪ್ ಮಾಡ್ಲಿಕ್ಕೆ ಹೊರಟೆ, ಎರಡು ಸಾಲು ಆಗುವಾಗ ಸಾಕೋ ಸಾಕಾಯ್ತು. ಹಾಗಾಗಿ ವಾಯ್ಸ್ ಮೆಸೇಜ್. ಸ್ವಲ್ಪ ಉದ್ದ ಆಗ್ತದೆ, ತೆಂಗಿನಕಾಯಿ ತುರಿತಾ ಕೇಳು. ಹಿಂದೆ ದಡದಡ ಅಂತ ಬರ್ತಾ ಉಂಟಲ್ಲ, ಅದು ನಮ್ಮ ಶೀಟಿನ ಮೇಲೆ ಮಳೆ, ಬೇರೆ ಎಂತ ಇಲ್ಲ.

ನೀನು ಕೇಳಿದ್ದು ಇಷ್ಟು. ನಿನ್ನ ಮಗ, ನಮ್ಮ ಮಾಣಿ, ಇಂಜಿನಿಯರಿಂಗ್ ಸೇರಿದ್ದಾನೆ, ಮೂವತ್ತು ಸಾವಿರದ ಒಳಗೆ ಒಂದು ಡೆಸ್ಕ್‌ಟಾಪ್ ಆಗ್ಬೇಕು, ರೆಡಿ ತಗೊಳ್ಳುವುದಾ ಬಿಡಿ ಸಾಮಾನು ತಂದು ಜೋಡಿಸುವುದಾ ಅಂತ. ನಿನ್ನೆ ರಾತ್ರಿಯಿಂದ ನಮ್ಮ ಮನೆಯವರ ಗ್ರೂಪಿನಲ್ಲಿ ಮೂರು ಬಣ ಆಗಿದೆ. ಭಾವ ಶೋರೂಮಿನಲ್ಲಿ 43 ಸಾವಿರದ ಕಂಪನಿ ಸೆಟ್ ನೋಡಿ ಬಂದಿದ್ದಾರೆ, ಕಂತಿನಲ್ಲಿ. ದೊಡ್ಡಪ್ಪ 16,500ಕ್ಕೆ ಕಂಪ್ಯೂಟರ್ ಅಂತ ಎಲ್ಲಿಂದಲೋ ಬಂದ ಪೋಸ್ಟರ್ ಹಾಕಿದ್ದಾರೆ. ಮಾಣಿ ಬಿಡಿ ಸಾಮಾನಿನ ಒಂದು ಚೀಟಿ ಬರೆದು ಫೋಟೋ ಕಳಿಸಿದ್ದಾನೆ, ಉಪನಯನಕ್ಕೆ ಜೀನಸಿನ ಪಟ್ಟಿ ಮಾಡಿದ ಹಾಗೆ. ನಾನು ಒಂದೊಂದೇ ಹೇಳ್ತೇನೆ, ಮಧ್ಯದಲ್ಲಿ ಯಾರೂ ಥಂಬ್ಸ್ ಅಪ್ ಹಾಕ್ಬೇಡಿ.

ದೊಡ್ಡಪ್ಪ, ಮೊದಲು ನಿಮ್ಮ ಪೋಸ್ಟರ್. ಬೇಜಾರು ಮಾಡ್ಬೇಡಿ. ಐ7 ಅಂತ ಇಷ್ಟು ದಪ್ಪಕ್ಕೆ ಬರೆದದ್ದು ಸುಳ್ಳಲ್ಲ, ಅದು ಇಂಟೆಲ್ ಕಂಪನಿಯ ಪ್ರೊಸೆಸರ್, ಕಂಪ್ಯೂಟರಿನ ಮಿದುಳು. ಆದ್ರೆ ಅದು ನಮ್ಮ ಉಡುಪಿ ಬಸ್ಸಿನ ಎದುರು ಎಕ್ಸ್‌ಪ್ರೆಸ್ ಅಂತ ಬೋರ್ಡ್ ಇಟ್ಟ ಹಾಗೆ, ಬಸ್ಸು ಯಾವ ವರ್ಷದ್ದು ಅಂತ ಬೋರ್ಡ್ ಹೇಳುವುದಿಲ್ಲ. ಪೋಸ್ಟರನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ. ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ 3770 ಅಂತ ಉಂಟು. ನಾಲ್ಕು ಅಂಕಿ ಇದ್ರೆ ಮೊದಲ ಅಂಕಿಯೇ ಜನರೇಶನ್, ಅಂದ್ರೆ ಎಷ್ಟನೇ ತಲೆಮಾರಿನ ಪ್ರೊಸೆಸರ್ ಅಂತ. 3 ಅಂದ್ರೆ ಮೂರನೇದ್ದು, 2012ರ ಮಾಲು. ಆಗ ಮಾಣಿ ಅಂಗನವಾಡಿಗೆ ಹೋಗ್ತಾ ಇದ್ದ. ಅದನ್ನೇ ಒರೆಸಿ, ಹೆಸರಿಲ್ಲದ ಒಂದು ಮದರ್‌ಬೋರ್ಡಿಗೆ ಕೂರಿಸಿ, ಹೊಸ ಕ್ಯಾಬಿನೆಟ್ಟಿಗೆ ಬಣ್ಣದ ಲೈಟ್ ಹಾಕಿ ಕೊಡ್ತಾರೆ. ನೋಡ್ಲಿಕ್ಕೆ ಗಮ್ಮತ್ತುಂಟು, ಆದ್ರೆ ವಿಂಡೋಸಿನದ್ದೇ ತೊಂದರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸಿದ್ದಾರೆ. 11 ಬೇಕಾದ್ರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಶನ್ನಿನಿಂದ ಮೇಲೆ ಇರ್ಬೇಕು, ಟಿಪಿಎಂ 2.0 ಅಂತ ಒಂದು ಭದ್ರತೆಯ ಚಿಪ್ಪೂ ಇರ್ಬೇಕು. ಅಂಗಡಿಯವರು ಕಳ್ಳದಾರಿಯಲ್ಲಿ 11 ಹಾಕಿ ತೋರಿಸ್ತಾರೆ, ಓಡ್ತದೆ ಕೂಡ, ಆದ್ರೆ ನಾಳೆ ಅಪ್‌ಡೇಟ್ ಬರ್ತದೆ ಅಂತ ಯಾರೂ ಬರೆದು ಕೊಡುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಿ ಬಳಸುವವರಿಗೆ ಆ ಡಬ್ಬಿಯೂ ಸಾಕು. ಮನೆಯಲ್ಲಿ ಅದು ಗೊತ್ತಿರುವವರು ಯಾರು, ಹೇಳಿ ನೋಡುವ?

ಭಾವ, ನಿಮ್ಮದಕ್ಕೆ ನನ್ನ ತಕರಾರು ದುಡ್ಡಿಂದು ಮಾತ್ರ. ಒಂದೇ ಬಿಲ್ಲು, ಒಂದೇ ವಾರಂಟಿ, ಹಾಳಾದ್ರೆ ಕಂಪನಿಯವರೇ ಮನೆಗೆ ಬರ್ತಾರೆ ಅಂತ ನೀವು ಹೇಳಿದ್ದು ದೊಡ್ಡ ಅನುಕೂಲವೇ. ಬಜೆಟ್ 45 ಆಗಿದ್ರೆ ನಾನು ಬಾಯಿ ತೆರೀತಿರಲಿಲ್ಲ. 30 ಇಟ್ಕೊಂಡು 43ಕ್ಕೆ ಕೈ ಹಾಕಿ, ಉಳಿದದ್ದು ತಿಂಗಳು ತಿಂಗಳು ಕಟ್ಟುವುದು, ಅದೂ ಕಾಲೇಜ್ ಫೀಸಿನ ಮೇಲೆ... ಬೇಡ.

ಈಗ ಮಾಣಿ, ನಿನ್ನ ಚೀಟಿ. ಖುಷಿ ಆಯ್ತು ನನಗೆ. ನಿಜ ಹೇಳ್ತೇನೆ, ನಿನ್ನ ವಯಸ್ಸಿನಲ್ಲಿ ನನಗೆ ಇಷ್ಟು ಗೊತ್ತಿರಲಿಲ್ಲ. ಆದ್ರೆ ಮೂರು ಕಡೆ ಜಾರಿದ್ದಿ.

ಒಂದು, ಪ್ರೊಸೆಸರ್ ಎಎಂಡಿ ಕಂಪನಿಯ ರೈಜನ್ 5 5600 ಅಂತ ಬರೆದಿದ್ದಿ. ಗ್ರಾಫಿಕ್ಸ್ ಕಾರ್ಡ್ ಆಮೇಲೆ ತಗೊಳ್ತೇನೆ ಅಂತಲೂ ಬರೆದಿದ್ದಿ. ಹಾಗಾದ್ರೆ ಅಲ್ಲಿಯವರೆಗೆ ಪರದೆಯಲ್ಲಿ ಎಂತ ಬರ್ತದೆ? ಏನೂ ಬರುವುದಿಲ್ಲ. ಪರದೆಗೆ ಚಿತ್ರ ಕೊಡುವ ಭಾಗ ಆ ಪ್ರೊಸೆಸರಿನ ಒಳಗೆ ಇಲ್ಲವೇ ಇಲ್ಲ. ನಿನಗೆ ಬೇಕಾದ್ದು 5600ಜಿ. ಒಂದು ಅಕ್ಷರದ ವ್ಯತ್ಯಾಸ. ಇಂಟೆಲ್‌ನಲ್ಲಿ ಉಲ್ಟಾ, ಅಲ್ಲಿ ಕೊನೆಗೆ ಎಫ್ ಇದ್ರೆ ಗ್ರಾಫಿಕ್ಸ್ ಇಲ್ಲ ಅಂತ ಲೆಕ್ಕ. ಅಂಗಡಿಯವರು ಇದನ್ನೆಲ್ಲ ಕರೆದು ಹೇಳುವುದಿಲ್ಲ, ನೀನು ಕೇಳಿದ್ದನ್ನು ಕಟ್ಟಿ ಕೊಡ್ತಾರೆ.

ಎರಡು, ರ‍್ಯಾಮ್ ಅಂದ್ರೆ ಕೆಲಸ ನಡೆಯುವಾಗಿನ ಮೆಮೊರಿ, 16 ಜಿಬಿಯದ್ದು ಒಂದೇ ಕಡ್ಡಿ ಬರೆದಿದ್ದಿ. ಒಳಗಿನ ಗ್ರಾಫಿಕ್ಸಿಗೆ ಬೇರೆ ಮೆಮೊರಿ ಇಲ್ಲ, ಇದರಿಂದಲೇ ಸಾಲ ತಗೊಳ್ತದೆ. ಹಾಗಾಗಿ 8ರದ್ದು ಎರಡು ಹಾಕ್ಬೇಕು, ಎರಡು ದಾರಿಯಲ್ಲಿ ಡಾಟಾ ಹೋಗ್ತದೆ. ಮಂಗಳೂರಿನ ಪಡೀಲಿನಲ್ಲಿ ಒಂದು ಬದಿ ರಸ್ತೆ ಅಗೆದಾಗ ಹೇಗೆ ಆಗ್ತದೆ ನೋಡಿದ್ದಿಯಲ್ಲ, ಅದೇ ಕತೆ.

ಮೂರನೇದ್ದಕ್ಕೆ ನನಗೆ ಸಿಟ್ಟೇ ಬಂತು. ಕ್ಯಾಬಿನೆಟ್ ಪ್ಲಸ್ ಎಸ್‌ಎಂಪಿಎಸ್, ಅಂದ್ರೆ ಕರೆಂಟನ್ನು ಬದಲಿಸಿ ಒಳಗಿನ ಭಾಗಗಳಿಗೆ ಕೊಡುವ ಡಬ್ಬಿ, ಎರಡೂ ಸೇರಿ 1,800 ಅಂತ ಬರೆದಿದ್ದಿಯಲ್ಲ. ಅಕ್ಕ, ನಿನಗೆ ನೆನಪುಂಟಾ, ನಮ್ಮ ಹಳೆ ಮನೆಯಲ್ಲಿ ನಾನು ಮೊದಲ ಸಲ ಜೋಡಿಸಿದ ಕಂಪ್ಯೂಟರ್? ಅದರ ಎಸ್‌ಎಂಪಿಎಸ್ ಹೀಗೇ ಕ್ಯಾಬಿನೆಟ್ ಒಟ್ಟಿಗೆ ಬಂದದ್ದು. ಮೇಲೆ 450 ವಾಟ್ ಅಂತ ಸ್ಟಿಕ್ಕರ್. ಕೈಯಲ್ಲಿ ಎತ್ತಿದ್ರೆ ತೆಂಗಿನ ಗೆರಟೆಯಷ್ಟು ಹಗುರ. ಅಂಗಡಿಯವ, ಹೆಸರು ಬೇಡ, ಸಾಕು ಸಾರ್ ಧಾರಾಳ ಆಯ್ತು ಅಂದ. ಅಕ್ಟೋಬರಿನಲ್ಲಿ ಒಂದು ಸಂಜೆ, ಗುಡುಗು ಇನ್ನೂ ದೂರ ಕಾರ್ಕಳದ ಕಡೆ ಕೇಳ್ತಾ ಇತ್ತು, ಇಲ್ಲಿ ಮಳೆಯ ಹನಿಯೂ ಇಲ್ಲ. ಟಪ್ ಅಂತ ಒಂದು ಶಬ್ದ. ಮೀನು ಸುಟ್ಟ ಹಾಗೆ ಒಂದು ವಾಸನೆ. ಅಮ್ಮ ಅಡುಗೆ ಮನೆಯಿಂದ ಓಡಿ ಬಂದ್ರು, ನಮ್ಮ ಮನೆಯಲ್ಲಿ ಮೀನಾ ಅಂತ! ಎಸ್‌ಎಂಪಿಎಸ್ ಒಂದೇ ಹೋಗಿದ್ರೆ ಸಾವಿರದೈನೂರಕ್ಕೆ ಮುಗೀತಿತ್ತು, ಅದು ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಒಟ್ಟಿಗೆ ಕರ್ಕೊಂಡು ಹೋಯ್ತು. ಅಪ್ಪನ ಷಷ್ಟ್ಯಬ್ದಿಯ ಫೋಟೋ ಅಷ್ಟೂ ಅದರಲ್ಲಿ ಇತ್ತು. ಅಂಗಡಿಗೆ ಹೊತ್ಕೊಂಡು ಹೋದ್ರೆ ಸಿಡಿಲಿಗೆ ವಾರಂಟಿ ಇಲ್ಲ ಅಂದ್ರು. ಅದೂ ಸರಿಯೇ, ಯಾರಿಗೆ ಬೈಯುವುದು? ಆವತ್ತಿನಿಂದ ನಾನು ಬೇರೆ ಎಲ್ಲಿ ಬೇಕಾದ್ರೂ ಚೌಕಾಸಿ ಮಾಡ್ತೇನೆ, ಎಸ್‌ಎಂಪಿಎಸ್‌ಗೆ ಮಾಡುವುದಿಲ್ಲ. ಹೆಸರಿರುವ ಕಂಪನಿದು, ಕರೆಂಟ್ ಕಮ್ಮಿ ಪೋಲು ಮಾಡ್ತದೆ ಅಂತ ಹೇಳುವ 80 ಪ್ಲಸ್ ಗುರುತು ಇರುವಂಥದ್ದು, ಕೈಗೆ ಭಾರ ಹತ್ತುವಂಥದ್ದು.

ಹಾಂ, ಒಂದು ನಿಮಿಷ. ಕರೆಂಟ್ ಹೋಯ್ತು. ಮೆಸ್ಕಾಂನವರಿಗೆ ನಾನು ಇದನ್ನು ಮಾತಾಡುವುದು ಗೊತ್ತಾಯ್ತಾ ಅಂತ.

ಈಗ ಲೆಕ್ಕ. ನಾನು 2025ರ ಮೇ ತಿಂಗಳಿನಲ್ಲಿ ಮನೆಗೆ ಒಂದು ಜೋಡಿಸಿದ್ದು, ಬಿಲ್ಲು ಕೈಯಲ್ಲೇ ಉಂಟು. 5600ಜಿ 11,600, ಎ520 ಬೋರ್ಡ್ 4,900, ರ‍್ಯಾಮ್ ಎಂಟು ಎಂಟು ಸೇರಿ 3,300, ಫೈಲು ಇಡುವ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ 3,100, ಎಸ್‌ಎಂಪಿಎಸ್ 2,900, ಕ್ಯಾಬಿನೆಟ್ 2,100. ಒಟ್ಟು 27,900, ಮಾನಿಟರ್ ಬಿಟ್ಟು. ಊಟದ ಮೇಜಿನ ಮೇಲೆ ಪೇಪರ್ ಹಾಸಿ ಜೋಡಿಸಿದೆ. ಸ್ವಿಚ್ ಹಾಕಿದ್ರೆ ಫ್ಯಾನ್ ತಿರುಗ್ತದೆ, ಲೈಟ್ ಉರೀತದೆ, ಪರದೆ ಮಾತ್ರ ಕಪ್ಪು. ಒಂದೂವರೆ ಗಂಟೆ ಬೆವರು. ಕೊನೆಗೆ ನೋಡಿದ್ರೆ ರ‍್ಯಾಮಿನ ಒಂದು ಕಡ್ಡಿ ಪೂರ್ತಿ ಕೂತಿಲ್ಲ. ಹೆಬ್ಬೆರಳಲ್ಲಿ ಒತ್ತಿದ್ದು, ಟಕ್ ಅಂತ ಬದಿಯ ಕೊಕ್ಕೆ ಮುಚ್ಚಿತು, ಪರದೆ ಬಂತು. ಆ ಖುಷಿ ಭಾವನ ಶೋರೂಮಿನಲ್ಲಿ ಸಿಗುವುದಿಲ್ಲ.

ಹಾಗಾದ್ರೆ ಮಾಣಿಗೂ ಅದೇ ಮಾಡುವ ಅಂತ ನಾನು ಯಾಕೆ ಹೇಳುವುದಿಲ್ಲ? ರ‍್ಯಾಮಿನ ದೆಸೆಯಿಂದ. ಆ 3,300ರ ರ‍್ಯಾಮಿಗೆ ಈಗ ಕೇಳಿದ್ರೆ ದುಪ್ಪಟ್ಟಿಗಿಂತ ಮೇಲೆ ಹೇಳ್ತಾರೆ. ಎಸ್‌ಎಸ್‌ಡಿಯೂ ಹತ್ತಿದೆ. ಎಐ, ಎಐ ಅಂತ ಬೊಬ್ಬೆ ಉಂಟಲ್ಲ, ಆ ಡಾಟಾ ಸೆಂಟರಿನವರಿಗೆ ಮೆಮೊರಿ ಎಷ್ಟಿದ್ರೂ ಸಾಲುವುದಿಲ್ಲ. ಪ್ರಪಂಚದಲ್ಲಿ ಅದನ್ನು ದೊಡ್ಡ ಮಟ್ಟದಲ್ಲಿ ಮಾಡುವವರು ಮುಖ್ಯವಾಗಿ ಮೂರು ಕಂಪನಿ, ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಲಾಭ ಇರುವ ಕಡೆಗೆ ಅವರು ಫ್ಯಾಕ್ಟರಿ ತಿರುಗಿಸಿದ್ರು. ನನ್ನ ಕಂಪ್ಯೂಟರಿನಲ್ಲಿ ಇರುವುದು ಕ್ರೂಶಿಯಲ್ ರ‍್ಯಾಮ್, ಮೈಕ್ರಾನಿನದ್ದೇ. ಆ ಹೆಸರಿನಲ್ಲಿ ನಮ್ಮಂಥವರಿಗೆ ಮಾರುವುದನ್ನೇ ನಿಲ್ಲಿಸ್ತೇವೆ ಅಂತ 2025ರ ಡಿಸೆಂಬರಿನಲ್ಲಿ ಹೇಳಿಬಿಟ್ರು. ಅಡಿಕೆಗೆ ರೇಟ್ ಬಂದಾಗ ಗದ್ದೆಗೆಲ್ಲ ಮಣ್ಣು ತುಂಬಿಸಿ ಸಸಿ ಇಟ್ರಲ್ಲ ನಮ್ಮವರು, ಮತ್ತೆ ಭತ್ತ ಎಲ್ಲಿಂದ?

ಅದಕ್ಕೆ ನಾನು ಹೇಳುವುದು ನಾಲ್ಕನೇ ದಾರಿ. ದೊಡ್ಡ ದೊಡ್ಡ ಆಫೀಸಿನವರು ಬಳಸಿ ಬಿಟ್ಟ ಕಂಪನಿ ಡೆಸ್ಕ್‌ಟಾಪ್. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಇಂಥದ್ದು. ಆಫೀಸುಗಳು ಕೆಲವು ವರ್ಷಕ್ಕೊಮ್ಮೆ ಎಲ್ಲ ಒಟ್ಟಿಗೆ ಬದಲಾಯಿಸ್ತಾರೆ, ಲಾಟಿನಲ್ಲಿ ಮಾರ್ತಾರೆ. ದಿನವಿಡೀ ಓಡ್ಲಿಕ್ಕೆ ಅಂತಲೇ ಮಾಡಿದ್ದು, ಗಟ್ಟಿ. ಮುಖ್ಯ ಎಂತ ಅಂದ್ರೆ ರ‍್ಯಾಮ್ ಒಳಗೇ ಬರ್ತದೆ, ಹೊಸ ರ‍್ಯಾಮಿನ ಅಂಗಡಿಗೆ ನಾವು ಹತ್ತುವುದೇ ಬೇಡ. ಐ5 8500 ಇರುವ ಒಂದಕ್ಕೆ ಇಲ್ಲಿ ನಾನು ವಿಚಾರಿಸಿದಲ್ಲಿ 17 ಸಾವಿರ ಹೇಳಿದ್ರು, 8 ಜಿಬಿ ರ‍್ಯಾಮ್, 256ರ ಎಸ್‌ಎಸ್‌ಡಿ. 2018ರದ್ದು, ಆರು ಕೋರ್, ವಿಂಡೋಸ್ 11ರ ಪಟ್ಟಿಯಲ್ಲಿ ಉಂಟು. ಅದೇ ಅಂಗಡಿಯಲ್ಲಿ ಐ5 7500 ಇರುವುದು ಎರಡೂವರೆ ಸಾವಿರ ಕಮ್ಮಿಗೆ ಉಂಟು ಅಂತ ಆಸೆ ತೋರಿಸಿದ. ಅದು ಏಳನೇದ್ದು, ಪಟ್ಟಿಯಲ್ಲಿ ಇಲ್ಲ, ಅದಕ್ಕೇ ಕಮ್ಮಿ.

17ರ ಮೇಲೆ ಹೊಸ ಮಾನಿಟರ್ 6,800 ಅಂತ ಇಡು, ಕೀಬೋರ್ಡ್ ಮೌಸ್ 800, ಯುಪಿಎಸ್ 2,900. 27,500. ಇಂಥ ಆಫೀಸ್ ಮೆಷಿನ್ನಿನಲ್ಲಿ ಎಷ್ಟೋ ಸಲ ವೈಫೈ ಇರುವುದಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಒಂದು ವೈಫೈ ಡಾಂಗಲ್ ಬೇಕಾದೀತು. ಆದ್ರೂ ಮಾಣಿಗೆ ಒಂದು ಗಡ್‌ಬಡ್ ಐಸ್‌ಕ್ರೀಮ್ ತಿನ್ನುವಷ್ಟು ಉಳೀತದೆ.

ಮಾಣಿ, ನಿನಗೆ ಮೋಸ ಮಾಡುವುದಿಲ್ಲ, ಕೊರತೆಯೂ ಕೇಳು. ಇವುಗಳ ಎಸ್‌ಎಂಪಿಎಸ್ ಕಂಪನಿಯವರದ್ದೇ ಆಕಾರ, ಕನೆಕ್ಟರ್ ಎಷ್ಟೋ ಸಲ ಬೇರೆ, ಅಂಗಡಿಯ ಸಾದಾ ಎಸ್‌ಎಂಪಿಎಸ್ ಹಾಗೇ ಕೂರುವುದಿಲ್ಲ. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಕನಸು ಬಿಡ್ಬೇಕು. ಪುಸ್ತಕದಷ್ಟು ಸಣ್ಣ ಮಾಡೆಲ್ ಬರ್ತದೆ, ಚೆಂದ ಉಂಟು, ಅದನ್ನು ತಗೊಳ್ಬೇಡ, ಟವರ್ ಅಂತಲೇ ಕೇಳು. ಟವರ್ ಆದ್ರೆ ರ‍್ಯಾಮಿನ ಜಾಗ ಖಾಲಿ ಇರ್ತದೆ, ರೇಟ್ ಇಳಿದಾಗ ಇನ್ನೊಂದು 8 ನೀನೇ ಹಾಕು. ಕಾರ್ಡ್ ಬೇಕೇ ಬೇಕು ಅಂತ ಆದ್ರೆ ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕರೆಂಟ್ ಎಳೆಯುವ ಸಣ್ಣದ್ದು ಹಾಕ್ಬಹುದು. ಸಿ, ಪೈಥಾನ್ ಕಲೀಲಿಕ್ಕೆ 8 ಧಾರಾಳ. ವ್ಯಾಲೊರಂಟ್ ಗೇಮ್ ಲೋ ಸೆಟ್ಟಿಂಗಿನಲ್ಲಿ ಓಡ್ತದೆ, ಅದನ್ನು ನಿನ್ನ ಅಪ್ಪ ಕೇಳಿಸ್ಕೊಳ್ಳದ ಹಾಗೆ ಹೇಳ್ತಾ ಇದ್ದೇನೆ.

ತಗೊಳ್ಳುವ ಮೊದಲು ಅಂಗಡಿಯಲ್ಲೇ ಕೂತು ನೋಡ್ಬೇಕು, ನಾಚಿಕೆ ಮಾಡ್ಬೇಡ. ವಿಂಡೋಸ್ ಕೀ ಮತ್ತೆ ಆರ್ ಒತ್ತಿ ಟಿಪಿಎಂ ಡಾಟ್ ಎಂಎಸ್‌ಸಿ ಅಂತ ಇಂಗ್ಲಿಷಿನಲ್ಲಿ ಹೊಡಿ, 2.0 ಅಂತ ಬರ್ಬೇಕು. ವಿಂಡೋಸಿಗೆ ಲೈಸೆನ್ಸ್ ಉಂಟಾ ಅಂತ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಶನ್ ನೋಡು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಸಾಫ್ಟ್‌ವೇರ್ ಪೆನ್ ಡ್ರೈವಿನಲ್ಲಿ ತಗೊಂಡು ಹೋಗು, ಎಸ್‌ಎಸ್‌ಡಿಯ ಆರೋಗ್ಯ ಎಷ್ಟು ಉಳಿದಿದೆ ಅಂತ ಶೇಕಡಾದಲ್ಲಿ ಹೇಳ್ತದೆ. ಮತ್ತೆ ಒಂದು ಸಲ ಬಂದ್ ಮಾಡಿಸಿ, ಪುನಃ ಆನ್ ಮಾಡುವಾಗ ಬಯೋಸ್ ಒಳಗೆ ಹೋಗು, ಅದು ವಿಂಡೋಸಿಗಿಂತ ಮೊದಲು ಬರುವ ಸೆಟ್ಟಿಂಗು, ಡೆಲ್ ಆದ್ರೆ ಎಫ್2, ಎಚ್‌ಪಿ ಆದ್ರೆ ಎಫ್10. ಪಾಸ್‌ವರ್ಡ್ ಕೇಳಿತಾ, ಅಲ್ಲೇ ಬಿಟ್ಟು ಬಾ. ಹಳೆ ಆಫೀಸಿನವರು ಹಾಕಿದ ಬೀಗ ಅದು, ಬಿಡಿಸ್ಲಿಕ್ಕೆ ನಮ್ಮಿಂದ ಆಗುವುದಿಲ್ಲ. ಜಿಎಸ್‌ಟಿ ಬಿಲ್ಲು ಬೇಕು, ಅದರಲ್ಲಿ ಸೀರಿಯಲ್ ನಂಬರ್ ಬರ್ಬೇಕು, ವಾರಂಟಿ ಎಷ್ಟು ತಿಂಗಳು ಅಂತ ಬಾಯಿ ಮಾತಲ್ಲ, ಬರೆಸ್ಕೊಳ್ಬೇಕು.

ಅಕ್ಕ, ಮನೆಯಲ್ಲಿ ಅರ್ತಿಂಗ್ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸು. ಹಳೆ ಮನೆ, ಬೇಸಿಗೆಗೆ ಅರ್ತಿಂಗಿನ ಗುಂಡಿ ಒಣಗಿರ್ತದೆ, ನೀರು ಹಾಕಿಸ್ತಾ ಇರ್ಬೇಕು. ಯುಪಿಎಸ್ ಇದ್ರೂ ಗುಡುಗು ಸುರು ಆದ್ರೆ ಪ್ಲಗ್ ಎಳೀಬೇಕು, ಇಂಟರ್‌ನೆಟ್ಟಿನ ವೈರನ್ನೂ, ಅದರಲ್ಲಿಯೂ ಬರ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಬಂದ್ ಇಟ್ಟು ಆಮೇಲೆ ಪರದೆ ಬರದಿದ್ರೆ ಹೆದರ್ಬೇಡಿ. ಪ್ಲಗ್ ತೆಗೆದು ರ‍್ಯಾಮ್ ಬಿಚ್ಚಿ, ಹೊಳೆಯುವ ಅಂಚನ್ನು ಪೆನ್ಸಿಲಿನ ರಬ್ಬರಿನಲ್ಲಿ ಮೆಲ್ಲ ಉಜ್ಜಿ ಹಾಕಿ. ನಮ್ಮ ಕರಾವಳಿಯ ತಂಡಿ ಗಾಳಿಗೆ ಹಾಗಾಗ್ತದೆ. ಹಿಂದೆ ಖಾಲಿ ತೂತು ಇದ್ರೆ ಮುಚ್ಚಿಸಿ, ಹಲ್ಲಿ ಹೋಗ್ತದೆ.

ನಾನು ಶನಿವಾರ ಉಡುಪಿಗೆ ಬರ್ತೇನೆ, ಮಾಣಿ ಒಟ್ಟಿಗೆ ಬರ್ಲಿ, ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡ್ಬೇಡಿ. ಮತ್ತೆ ಈಗ ನೆನಪಾಯ್ತು, ನಿಮ್ಮ ಅಟ್ಟದಲ್ಲಿ ಭಾವನ ಆಫೀಸಿನಿಂದ ಬಂದ ಒಂದು ಮಾನಿಟರ್ ಇತ್ತಲ್ಲ, ಚಾಪೆ ಸುತ್ತಿ ಇಟ್ಟದ್ದು? ಅದನ್ನು ಇಳಿಸಿ ಹಿಂದಿನ ಭಾಗದ ಒಂದು ಫೋಟೋ ಕಳಿಸು. ವೈರ್ ಸಿಕ್ಕಿಸುವ ನೀಲಿ ಬಣ್ಣದ ಜಾಗ ಮಾತ್ರ ಇದ್ರೆ ಅದು ಹಳೆ ಮಾದರಿಯ ವಿಜಿಎ, ಒಂದು ಸಣ್ಣ ಕನ್ವರ್ಟರ್ ತಗೊಂಡ್ರೆ ಆಯ್ತು. ಎಚ್‌ಡಿಎಂಐ ಇದ್ದು, ಕಂಪ್ಯೂಟರಿನಲ್ಲಿಯೂ ಅದೇ ಇದ್ರೆ ಕನ್ವರ್ಟರೂ ಬೇಡ. 6,800 ಉಳೀತದೆ.